ಚಲನಶಕ್ತಿ ಕುಂದಿದವರ ಸ್ನಾನ: ಸಾಧನಗಳ ಆಯ್ಕೆ

ಸ್ನಾನವೆಂಬುದು ಹೊರನೋಟಕ್ಕೆ ಒಂದೇ ಕ್ರಿಯೆಯಾಗಿ ಕಂಡರೂ, ವಾಸ್ತವವಾಗಿ ಅದು ಹತ್ತಾರು ಸಣ್ಣ ಕ್ರಿಯೆಗಳ ಸರಣಿ. ಬಚ್ಚಲುಮನೆಯವರೆಗೆ ನಡೆಯುವುದು, ಹೊಸ್ತಿಲು ದಾಟುವುದು, ಬಟ್ಟೆ ಕಳಚುವುದು, ಕುಳಿತುಕೊಳ್ಳುವುದು, ಬಾಗಿ ನೀರು ಮೊಗೆಯುವುದು, ಬೆನ್ನು ಮತ್ತು ಪಾದಗಳನ್ನು ಉಜ್ಜುವುದು, ಮತ್ತೆ ಎದ್ದು ನಿಲ್ಲುವುದು, ಒದ್ದೆ ನೆಲದ ಮೇಲೆ ನಿಂತೇ ಮೈ ಒರೆಸಿಕೊಳ್ಳುವುದು - ಇವುಗಳಲ್ಲಿ ಯಾವುದಾದರೂ ಒಂದು ಕೊಂಡಿ ಕಳಚಿದರೂ ಇಡೀ ಸ್ನಾನವು ಪರಾಧೀನವಾಗುತ್ತದೆ. ಮಂಡಿನೋವು, ಪಾರ್ಶ್ವವಾಯು, ಪಾರ್ಕಿನ್ಸನ್ ಕಾಯಿಲೆ, ಬೆನ್ನುಹುರಿಯ ಪೆಟ್ಟು, ಪೋಲಿಯೋ ಅಥವಾ ಕೇವಲ ವೃದ್ಧಾಪ್ಯದ ನಿಶ್ಶಕ್ತಿಯಿಂದ ಬಳಲುವವರು ಈ ಸಂಗತಿಯನ್ನು ಪ್ರತಿದಿನವೂ ಅನುಭವಿಸುತ್ತಾರೆ. ಬೀಳುವ ಭಯದಿಂದ ಎಷ್ಟೋ ಹಿರಿಯರು ದಿನ ಬಿಟ್ಟು ದಿನ, ಕ್ರಮೇಣ ವಾರಕ್ಕೊಮ್ಮೆ ಸ್ನಾನ ಮಾಡತೊಡಗುತ್ತಾರೆ. ಕಾರಣವನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ಮಗನ ಅಥವಾ ಸೊಸೆಯ ಮುಂದೆ ವಿವಸ್ತ್ರರಾಗಬೇಕಾದ ಸಂಕೋಚವು ಅವರಿಗೆ ನೋವಿಗಿಂತ ಹೆಚ್ಚಿನದು. ಇನ್ನು ಬಚ್ಚಲಿನಲ್ಲಿ ಒಮ್ಮೆ ಜಾರಿ ಸೊಂಟದ ಕೀಲಿನ ಮೂಳೆ ಮುರಿದರೆ ವೃದ್ಧರಿಗೆ ಬಹುತೇಕ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಅನಂತರವೂ ಅನೇಕರು ಮೊದಲಿನಂತೆ ನಡೆಯಲಾರರು.

ಈ ತೊಂದರೆಗಳನ್ನು ನಿವಾರಿಸುವ ಸಾಧನಗಳು ಇಂದು ದೊಡ್ಡ ನಗರಗಳಲ್ಲಿ ಸುಲಭವಾಗಿ ದೊರೆಯುತ್ತವೆ. ಆದರೆ ಕೊಂಡು ತಂದ ಸಾಧನವು ಕೆಲವೇ ದಿನಗಳಲ್ಲಿ ಮಂಚದ ಕೆಳಗೋ ಬಾಲ್ಕನಿಯ ಮೂಲೆಗೋ ಸೇರುವುದು ಸಾಮಾನ್ಯ. ಆಯ್ಕೆಯು ಅಂಗಡಿಯಲ್ಲಿ ಆರಂಭವಾದುದೇ ಇದಕ್ಕೆ ಮುಖ್ಯ ಕಾರಣ. ಆಯ್ಕೆಯು ಆರಂಭವಾಗಬೇಕಾದುದು ಬಚ್ಚಲುಮನೆಯಲ್ಲಿ. ಆ ವ್ಯಕ್ತಿಯ ಸ್ನಾನವು ಯಾವ ಹಂತದಲ್ಲಿ ಮುಗ್ಗರಿಸುತ್ತಿದೆ ಎಂಬುದನ್ನು ತಿಳಿಯುವುದರಿಂದ. ಮಾರುಕಟ್ಟೆಯಲ್ಲಿರುವ ಹಲವು ಸಾಧನಗಳು ಪಾಶ್ಚಾತ್ಯ ದೇಶಗಳ ಸ್ನಾನದ ತೊಟ್ಟಿಗೆಂದು ರೂಪಿತವಾದವು ಎಂಬುದನ್ನೂ ಗಮನಿಸಬೇಕು. ತೊಟ್ಟಿಯ ಅಂಚಿನ ಮೇಲೆ ಅಡ್ಡಲಾಗಿ ಇಡುವ ಹಲಗೆ, ಎರಡು ಕಾಲು ತೊಟ್ಟಿಯೊಳಗೂ ಎರಡು ಹೊರಗೂ ಇರುವ ಉದ್ದನೆಯ ಬೆಂಚು - ಇವು ಬಕೆಟ್ ಮತ್ತು ತಂಬಿಗೆಯಿಂದ ಸ್ನಾನ ಮಾಡುವ ಮನೆಗಳಲ್ಲಿ ನಿರುಪಯುಕ್ತ.

ಆಸನ ಏರಿದರೆ ಬಕೆಟ್ಟೂ ಏರಬೇಕು

ಮುಂಬಯಿಯ ಉಪನಗರವಾದ ಡೊಂಬಿವಿಲಿಯಲ್ಲಿ ಎರಡು ಕೋಣೆಗಳ ಮನೆಯೊಂದನ್ನು ಊಹಿಸಿಕೊಳ್ಳಬಹುದು. ಮನೆಯ ಹಿರಿಯಾಕೆಗೆ ಅರವತ್ತೆಂಟು ವರ್ಷ. ಎರಡೂ ಮಂಡಿಗಳು ಸವೆದಿವೆ. ಆಕೆ ಇದುವರೆಗೆ ಗೇಣುದ್ದದ ಎತ್ತರವೂ ಇಲ್ಲದ ಮಣೆಯ ಮೇಲೆ ಕುಳಿತು ಸ್ನಾನ ಮಾಡುತ್ತಿದ್ದವರು. ಏಳುವುದು ಅಸಾಧ್ಯವಾದಾಗ ಮಗ 45 ಸೆಂಟಿಮೀಟರ್ ಎತ್ತರದ ಒಳ್ಳೆಯ ಸ್ಟೂಲೊಂದನ್ನು ತರುತ್ತಾನೆ. ಕುಳಿತೇಳುವ ಕಷ್ಟವೇನೋ ಕಡಿಮೆಯಾಗುತ್ತದೆ. ಆದರೆ ಬಕೆಟ್ ನೆಲದ ಮೇಲೆಯೇ ಇದೆ. ಮೊದಲ ತಂಬಿಗೆಗೆ ಸ್ವಲ್ಪ ಬಾಗಿದರೆ ಸಾಕು; ನೀರು ತಳಕ್ಕಿಳಿದಂತೆ ಆಕೆ ಇನ್ನಷ್ಟು ಬಾಗಬೇಕು. ಅಷ್ಟರಲ್ಲಿ ಮೈಗೆಲ್ಲ ಸೋಪು ಹತ್ತಿದೆ, ಕಣ್ಣು ಮುಚ್ಚಿದೆ, ಆಸನ ನುಣುಪಾಗಿದೆ. ಎತ್ತರದ ಆಸನದಿಂದ ಮುಂದಕ್ಕೆ ಮುಗ್ಗರಿಸುವ ಅಪಾಯವು ಮಣೆಯ ಮೇಲೆ ಇರಲೇ ಇಲ್ಲ. ಸಾಧನವು ಒಂದು ತೊಂದರೆಯನ್ನು ಕಳೆದು ಇನ್ನೊಂದನ್ನು ತಂದಿತು.

ಇದಕ್ಕೆ ಪರಿಹಾರ ಸರಳ: ಆಸನವನ್ನು ಏರಿಸಿದಾಗ ಬಕೆಟ್ಟನ್ನೂ ಏರಿಸಬೇಕು. ಬಕೆಟ್ಟಿನ ಬಾಯಿಯು ಕುಳಿತವರ ತೊಡೆಯ ಮಟ್ಟಕ್ಕಿಂತ ತುಸು ಮೇಲೆ, ಗಟ್ಟಿಯಾದ ಕೈಯ ಪಕ್ಕಕ್ಕೆ ಇದ್ದರೆ ಬಾಗದೆಯೇ ನೀರು ಮೊಗೆಯಬಹುದು. ಇದಕ್ಕಾಗಿ ಅಗಲವಾದ ಕಾಲುಗಳುಳ್ಳ ಸ್ಟೀಲ್ ಸ್ಟ್ಯಾಂಡ್ ಬಳಸಬಹುದು. ಸ್ವಂತ ಮನೆಯಾದರೆ ಗಾರೆಯವರಿಂದ ಒಂದು ಚಿಕ್ಕ ಕಟ್ಟೆಯನ್ನೇ ಕಟ್ಟಿಸುವುದು ಉತ್ತಮ. ಹಳೆಯ ಕನ್ನಡ ಮನೆಗಳ ಬಚ್ಚಲಿನಲ್ಲಿ ಹಂಡೆಯನ್ನು ಒಲೆಯ ಮೇಲೆ ಕೂರಿಸಿ ಸುತ್ತ ಕಟ್ಟೆ ಕಟ್ಟುತ್ತಿದ್ದರು. ನೀರು ಮೊಗೆಯಲು ನೆಲದವರೆಗೆ ಬಾಗಬೇಕಾಗಿರಲಿಲ್ಲ. ಫ್ಲ್ಯಾಟುಗಳಿಗೆ ಬಂದ ಮೇಲೆ ಈ ಅನುಕೂಲ ಹೋಯಿತು. ಬಕೆಟ್ ಏರಿಸಿದಾಗ ಅದು ನಲ್ಲಿಯ ಕೆಳಗೆ ಹಿಡಿಯದೇ ಹೋಗಬಹುದು. ಆಗ ನಲ್ಲಿಗೆ ಒಂದು ಸಣ್ಣ ರಬ್ಬರ್ ಕೊಳವೆ ಹಾಕಿದರೆ ಸಾಕು. ಇಪ್ಪತ್ತು ಲೀಟರಿನ ತುಂಬಿದ ಬಕೆಟ್ ಇಪ್ಪತ್ತು ಕಿಲೋಗ್ರಾಂ ತೂಗುತ್ತದೆ ಎಂಬುದನ್ನು ಮರೆಯದೆ, ಅದನ್ನು ಸ್ಥಳದಲ್ಲಿಟ್ಟೇ ತುಂಬಬೇಕು, ತುಂಬಿ ಎತ್ತಿಡಬಾರದು. ಹಾಗೆಯೇ ಒಂದು ಲೀಟರಿನ ಮಗ್ ತುಂಬಿದಾಗ ಒಂದು ಕಿಲೋಗ್ರಾಂಗೂ ಹೆಚ್ಚು. ಬೆರಳ ಕೀಲುಗಳು ಊದಿಕೊಂಡವರಿಗೆ ಅರ್ಧ ಲೀಟರಿನ, ನಾಲ್ಕೂ ಬೆರಳು ತೂರುವಷ್ಟು ದೊಡ್ಡ ಹಿಡಿಯುಳ್ಳ ಮಗ್ ಒಳ್ಳೆಯದು.

ನೀರಿನ ಒತ್ತಡ ಚೆನ್ನಾಗಿದ್ದರೆ ಉದ್ದನೆಯ ಕೊಳವೆಯ ಹ್ಯಾಂಡ್ ಷವರ್ ಈ ಎಲ್ಲ ತಾಪತ್ರಯಗಳನ್ನು ತಪ್ಪಿಸುತ್ತದೆ. ಹಿಡಿಯಲ್ಲಿಯೇ ನೀರು ನಿಲ್ಲಿಸುವ ಗುಂಡಿ ಇರಬೇಕು; ಕೊಳವೆಯು ಒಂದೂವರೆ ಮೀಟರಿಗೆ ಕಡಿಮೆ ಇರಬಾರದು. ಆದರೆ ದಿನಕ್ಕೆ ಒಂದೆರಡು ಗಂಟೆ ಮಾತ್ರ ನೀರು ಬರುವ, ಬಕೆಟ್ಟು ಡ್ರಮ್ಮುಗಳಲ್ಲಿ ಶೇಖರಿಸಿಡುವ ಬಡಾವಣೆಗಳಲ್ಲಿ ಹ್ಯಾಂಡ್ ಷವರ್ ಗೋಡೆಯ ಅಲಂಕಾರವಾಗಿ ಉಳಿಯುತ್ತದೆ. ಅಂಥ ಕಡೆ ಬಕೆಟ್ ಸ್ಟ್ಯಾಂಡಿನ ಮೇಲೆ ಹಣ ಹಾಕುವುದೇ ಜಾಣತನ.

ಆಸನದ ಆಯ್ಕೆ

ಆಸನದ ಎತ್ತರವನ್ನು ಅಂದಾಜಿನಿಂದ ನಿರ್ಧರಿಸಬಾರದು. ಬಳಸುವವರನ್ನು ಗಟ್ಟಿಯಾದ ಕುರ್ಚಿಯ ಮೇಲೆ ಕೂರಿಸಿ, ಬರಿಗಾಲಿನಲ್ಲಿ, ನೆಲದಿಂದ ಮಂಡಿಯ ಹಿಂಭಾಗದ ಮಡಿಕೆಯವರೆಗೆ ಅಳೆಯಬೇಕು. ಆ ಅಳತೆಯೇ ಆಸನದ ಸಾಮಾನ್ಯ ಎತ್ತರ. ಮಂಡಿ ಅಥವಾ ತೊಡೆಯ ಸ್ನಾಯುಗಳು ದುರ್ಬಲವಾಗಿದ್ದವರಿಗೆ ಅದಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಹೆಚ್ಚಿದ್ದರೆ ಏಳುವುದು ಸುಲಭ. ಸೊಂಟದ ಕೀಲಿನ ಬದಲಿ ಶಸ್ತ್ರಚಿಕಿತ್ಸೆ ಆದವರಿಗೆ ಸೊಂಟವು ಮಂಡಿಗಿಂತ ಕೆಳಗೆ ಹೋಗದಂತೆ ಎತ್ತರದ ಆಸನವನ್ನೇ ವೈದ್ಯರು ಸೂಚಿಸುತ್ತಾರೆ. ಆದರೆ ಪಾದಗಳು ಪೂರ್ತಿಯಾಗಿ ನೆಲಕ್ಕೆ ಊರದಷ್ಟು ಎತ್ತರ ಯಾರಿಗೂ ಸಲ್ಲದು. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಬಳಸುವುದಾದರೆ ಕಾಲುಗಳ ಎತ್ತರ ಹೊಂದಿಸಬಹುದಾದ ಆಸನವನ್ನೇ ಕೊಳ್ಳಬೇಕು.

ಬೆನ್ನಾಸರೆ ಇಲ್ಲದ ಸ್ಟೂಲು ಕಡಿಮೆ ಜಾಗ ಹಿಡಿಯುತ್ತದೆ, ಬೆಲೆಯೂ ಕಡಿಮೆ. ಆದರೆ ಅದು ಆಧಾರವಿಲ್ಲದೆ ನೆಟ್ಟಗೆ ಕುಳಿತು, ಎರಡೂ ಕೈಗಳಿಂದ ತಲೆ ತಿಕ್ಕಿಕೊಳ್ಳಬಲ್ಲವರಿಗೆ ಮಾತ್ರ. ಪಾರ್ಶ್ವವಾಯು ತಗುಲಿದವರು, ಪಾರ್ಕಿನ್ಸನ್ ಕಾಯಿಲೆಯವರು, ತಲೆಸುತ್ತು ಬರುವವರು, ಬಹಳ ನಿತ್ರಾಣಗೊಂಡವರು ಬೆನ್ನಿಗೂ ಕೈಗಳಿಗೂ ಆಸರೆಯಿರುವ ಕುರ್ಚಿಯನ್ನೇ ಬಳಸಬೇಕು. ಎದ್ದೇಳುವಾಗ ಕೈಗಳ ಬಲವನ್ನು ಹಾಕಬೇಕಾದವರಿಗೂ ಕೈಯಾಸರೆ ಅನಿವಾರ್ಯ. ಆಸನದ ಮುಂಭಾಗವು ಕುದುರೆಲಾಳದಂತೆ ತೆರೆದಿದ್ದರೆ, ಕುಳಿತಲ್ಲಿಯೇ ಗುಪ್ತಾಂಗಗಳನ್ನು ತಾವೇ ತೊಳೆದುಕೊಳ್ಳಬಹುದು. ಈ ಒಂದು ಸಣ್ಣ ವ್ಯವಸ್ಥೆಯು ಹಲವರಿಗೆ ಪರರ ನೆರವಿನ ಮುಜುಗರವನ್ನು ತಪ್ಪಿಸುತ್ತದೆ. ಸ್ವಲ್ಪವೂ ನಡೆಯಲಾಗದವರಿಗೆ ಗಾಲಿಗಳುಳ್ಳ ಕಮೋಡ್ ಕುರ್ಚಿ ಬೇಕು. ಅದು ಶೌಚಕ್ಕೂ ಸ್ನಾನಕ್ಕೂ ಒದಗುತ್ತದೆ. ಗಾಲಿಗಳಿಗೆ ತಡೆ ಇರುವುದು, ಪಾದ ಇಡುವ ಹಲಗೆಗಳನ್ನು ಬದಿಗೆ ಸರಿಸಬಹುದಾದುದು, ಒಂದು ಬದಿಯ ಕೈಯಾಸರೆಯನ್ನಾದರೂ ತೆಗೆಯಬಹುದಾದುದು ಇದರ ಅಗತ್ಯ ಲಕ್ಷಣಗಳು. ಕೊಳ್ಳುವ ಮುನ್ನ ಬಚ್ಚಲಿನ ಬಾಗಿಲ ಚೌಕಟ್ಟಿನ ಒಳ ಅಗಲವನ್ನು ಅಳೆದು, ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಬೇಕು. ನಗರಗಳ ಹಳೆಯ ಕಟ್ಟಡಗಳಲ್ಲಿ ಎರಡೂಕಾಲು ಅಡಿಯ ಬಾಗಿಲುಗಳು ಅಪರೂಪವಲ್ಲ. ಬಾಗಿಲ ರೆಕ್ಕೆಯ ದಪ್ಪವೂ ಸೇರಿದರೆ ದಾರಿ ಇನ್ನೂ ಕಿರಿದಾಗುತ್ತದೆ.

ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶಜ್ಞಾನ ಕಳೆದುಕೊಂಡವರ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಗಟ್ಟಿ ಪ್ಲಾಸ್ಟಿಕ್ಕಿನ ಆಸನದ ಮೇಲೆ ಹೆಚ್ಚು ಹೊತ್ತು ಕುಳಿತರೆ, ಬಿರುಕಿನ ಅಂಚು ತರಚಿದರೆ ಅವರಿಗೆ ತಿಳಿಯುವುದಿಲ್ಲ. ಒತ್ತಡದ ಹುಣ್ಣು ಮಾತ್ರ ತಿಂಗಳುಗಟ್ಟಲೆ ಕಾಡುತ್ತದೆ. ನೀರು ಹೀರದ ಮೆತ್ತೆಯುಳ್ಳ ಆಸನ ಅವರಿಗೆ ಅವಶ್ಯ. ಸ್ನಾನದ ನಂತರ ಚರ್ಮವನ್ನು ಕನ್ನಡಿಯಿಂದಲೋ ಇನ್ನೊಬ್ಬರಿಂದಲೋ ಪರೀಕ್ಷಿಸಿಕೊಳ್ಳುವುದೂ ಅಷ್ಟೇ ಅವಶ್ಯ.

ಎಲ್ಲರ ಮನೆಯಲ್ಲೂ ಇರುವ ಅಚ್ಚಿನ ಪ್ಲಾಸ್ಟಿಕ್ ಕುರ್ಚಿಯನ್ನೇ ಬಚ್ಚಲಿಗೆ ಒಯ್ಯುವ ರೂಢಿ ವ್ಯಾಪಕವಾಗಿದೆ. ಇದು ಅಪಾಯಕಾರಿ. ಒದ್ದೆ ಟೈಲ್ಸಿನ ಮೇಲೆ ಅದರ ಕಾಲುಗಳು ಹೊರಕ್ಕೆ ಸರಿಯುತ್ತವೆ. ಬಿಸಿಲಲ್ಲಿಟ್ಟು ಹಳೆಯದಾದ ಪ್ಲಾಸ್ಟಿಕ್ ಸೂಚನೆಯಿಲ್ಲದೆ ಮುರಿಯುತ್ತದೆ. ಶೌಚಕ್ಕೆಂದು ಅದರ ನಡುವೆ ತೂತು ಕೊರೆಯುವುದಂತೂ ಅದರ ಬಲವನ್ನೇ ಕಿತ್ತಂತೆ. ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಚೌಕಟ್ಟು, ಕಾಲುಗಳ ತುದಿಗೆ ಅಗಲವಾದ ರಬ್ಬರ್ ಬುಷ್, ನೀರು ಸೋರಿಹೋಗುವ ತೂತುಗಳು, ತಾಳಬಲ್ಲ ತೂಕದ ನಮೂದು - ಇವಿಷ್ಟನ್ನು ನೋಡಿ ಕೊಳ್ಳಬೇಕು. ಕ್ರೋಮಿಯಂ ಲೇಪಿಸಿದ ಕಬ್ಬಿಣವು ಮುಂಬಯಿ, ಚೆನ್ನೈಗಳಂಥ ಕಡಲ ತೀರದ ನಗರಗಳಲ್ಲಿ ಬೇಗನೆ ಒಳಗಿನಿಂದ ತುಕ್ಕು ಹಿಡಿಯುತ್ತದೆ; ಲೇಪನದ ಹೊಳಪು ಅದನ್ನು ಮರೆಮಾಡುತ್ತದೆ.

ಗೋಡೆಯ ಆಸರೆ

ಆಸನದ ನಂತರ ಅತ್ಯುಪಯುಕ್ತವಾದುದು ಗೋಡೆಗೆ ಜೋಡಿಸುವ ಹಿಡಿಸರಳು. ಟವೆಲ್ ಹಾಕುವ ಸರಳು ಇದಕ್ಕೆ ಬದಲಿಯಲ್ಲ. ಅದನ್ನು ಟವೆಲ್ಲಿನ ಭಾರಕ್ಕೆಂದು ಮಾತ್ರ ಜೋಡಿಸಿರುತ್ತಾರೆ, ಜಾರುವ ಮನುಷ್ಯನ ಭಾರಕ್ಕಲ್ಲ. ರಬ್ಬರ್ ಬಟ್ಟಲುಗಳಿಂದ ಟೈಲ್ಸಿಗೆ ಅಂಟುವ ಹಿಡಿಗಳೂ ಇಂದು ಬಹಳವಾಗಿ ಮಾರಾಟವಾಗುತ್ತಿವೆ. ಬಾಡಿಗೆ ಮನೆಯವರಿಗೆ ಗೋಡೆ ಕೊರೆಯುವಂತಿಲ್ಲವಾದ್ದರಿಂದ ಇವು ಆಕರ್ಷಕವೆನಿಸುತ್ತವೆ. ಆದರೆ ಟೈಲ್ಸಿನ ನಡುವಿನ ಗೀರು, ಸೋಪಿನ ಪೊರೆ, ಗಡಸು ನೀರಿನ ಬಿಳಿ ಕಲೆ ಇವುಗಳಲ್ಲಿ ಯಾವುದಿದ್ದರೂ ಹಿಡಿತ ಸಡಿಲುತ್ತದೆ, ಮತ್ತು ಸಡಿಲಿದುದು ಭಾರ ಬಿದ್ದಾಗಲೇ ತಿಳಿಯುತ್ತದೆ. ಸಮತೋಲ ಕಾಯ್ದುಕೊಳ್ಳಲು ಬೆರಳು ತಾಗಿಸುವುದಕ್ಕಷ್ಟೇ ಅವು ತಕ್ಕವು. ಮೈಭಾರವನ್ನು ಅವುಗಳ ಮೇಲೆ ಹಾಕಬಾರದು. ಬಾಡಿಗೆದಾರರು ಕೈಯಾಸರೆಯುಳ್ಳ ಭಾರವಾದ ಕುರ್ಚಿಯನ್ನು ಆರಿಸುವುದು, ಅಥವಾ ಮನೆಯ ಒಡೆಯರೊಡನೆ ಮಾತನಾಡಿ ನಾಲ್ಕು ತೂತುಗಳಿಗೆ ಒಪ್ಪಿಗೆ ಪಡೆಯುವುದು ಮೇಲು.

ಹಿಡಿಸರಳು ಮುಷ್ಟಿಯೊಳಗೆ ಪೂರ್ತಿ ಕೂರುವಂತೆ ಸುಮಾರು ಮೂರೂವರೆಯಿಂದ ನಾಲ್ಕು ಸೆಂಟಿಮೀಟರ್ ದಪ್ಪವಿರಬೇಕು. ಗೋಡೆಗೂ ಅದಕ್ಕೂ ನಡುವೆ ಬೆರಳುಗಳು ತೂರಲು ನಾಲ್ಕೈದು ಸೆಂಟಿಮೀಟರ್ ಸಂದು ಬೇಕು. ಸಂದು ಹೆಚ್ಚಾದರೆ ಜಾರಿದಾಗ ಮುಂಗೈ ಸಿಕ್ಕಿಕೊಳ್ಳುವ ಭೀತಿಯುಂಟು. ಮೇಲ್ಮೈ ಒರಟಾಗಿರುವುದು ಒಳಿತು. ಎತ್ತರವನ್ನು ಪುಸ್ತಕದಿಂದ ನಿರ್ಧರಿಸುವುದಕ್ಕಿಂತ, ಬಳಸುವವರನ್ನು ಆಸನದಲ್ಲಿ ಕೂರಿಸಿ, ಏಳಲು ಯತ್ನಿಸುವಾಗ ಅವರ ಕೈ ತಾನಾಗಿ ಎಲ್ಲಿಗೆ ಚಾಚುತ್ತದೆ ಎಂದು ನೋಡಿ ಸೀಮೆಸುಣ್ಣದಿಂದ ಗುರುತು ಹಾಕುವುದು ಸರಿಯಾದ ಕ್ರಮ. ಪಾರ್ಶ್ವವಾಯು ಪೀಡಿತರಿಗೆ ಸರಳು ಬಲವುಳ್ಳ ಕೈಯ ಬದಿಗೆ ಬರಬೇಕು. ಒಳಗೆ ಹೋಗುವಾಗ ಬಲಕ್ಕಿದ್ದ ಗೋಡೆ ಹೊರಬರುವಾಗ ಎಡಕ್ಕಾಗುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ. ಆದ್ದರಿಂದ ಬಾಗಿಲ ಬಳಿ ಎರಡೂ ಕಡೆ ಒಂದೊಂದು ಚಿಕ್ಕ ಹಿಡಿ ಬೇಕಾಗುತ್ತದೆ.

ತಿರುಪುಗಳು ಟೈಲ್ಸ್ ಮತ್ತು ಗಾರೆಯನ್ನು ದಾಟಿ ಒಳಗಿನ ಇಟ್ಟಿಗೆ ಅಥವಾ ಕಾಂಕ್ರೀಟಿಗೆ ಕಚ್ಚಿಕೊಳ್ಳಬೇಕು. ಟೊಳ್ಳು ಬ್ಲಾಕುಗಳ ಗೋಡೆಯಾದರೆ ಸಾಮಾನ್ಯ ಪ್ಲಗ್ಗುಗಳು ನಿಲ್ಲುವುದಿಲ್ಲ. ಗೋಡೆಯೊಳಗೆ ಹಾದುಹೋಗಿರುವ ನೀರಿನ ಕೊಳವೆ ಮತ್ತು ಗೀಸರಿನ ತಂತಿಗಳ ಜಾಡನ್ನು ತಿಳಿದ ನಂತರವೇ ಕೊರೆಯಬೇಕು. ಜೋಡಣೆ ಮುಗಿದ ಮೇಲೆ ಮನೆಯ ದೃಢಕಾಯರೊಬ್ಬರು ಸರಳನ್ನು ಹಿಡಿದು ಪೂರ್ತಿ ಮೈಭಾರ ಬಿಟ್ಟು ಪರೀಕ್ಷಿಸದೆ ರೋಗಿಯ ಕೈಗೆ ಅದನ್ನು ಒಪ್ಪಿಸಬಾರದು.

ನೆಲ, ಬಾಗಿಲು, ಬಿಸಿನೀರು

ಸಾಧನಗಳೆಷ್ಟೇ ಉತ್ತಮವಾಗಿದ್ದರೂ ನೆಲ ಜಾರುತ್ತಿದ್ದರೆ ಫಲವಿಲ್ಲ. ಪಾಚಿ ಮತ್ತು ಸೋಪಿನ ಪೊರೆಯನ್ನು ವಾರಕ್ಕೆರಡು ಬಾರಿಯಾದರೂ ಉಜ್ಜಿ ತೆಗೆಯಬೇಕು. ಅಡಿಯಲ್ಲಿ ಹಿಡಿತವಿಲ್ಲದ ಚಾಪೆಯು ಬರಿ ನೆಲಕ್ಕಿಂತಲೂ ಅಪಾಯಕರ. ರಬ್ಬರ್ ಚಾಪೆಯನ್ನು ದಿನವೂ ಎತ್ತಿ ಒಣಗಿಸಬೇಕು. ಆಸನದ ಎರಡು ಕಾಲು ಚಾಪೆಯ ಮೇಲೆ, ಎರಡು ಕಾಲು ನೆಲದ ಮೇಲೆ ಇರುವಂತೆ ಎಂದೂ ಹಾಸಬಾರದು. ಯುಗಾದಿ, ದೀಪಾವಳಿಗಳ ಅಭ್ಯಂಜನದ ದಿನ ವಿಶೇಷ ಎಚ್ಚರ ಅವಶ್ಯ: ಎಣ್ಣೆ ಹಚ್ಚಿದ ಕೈಗೆ ಹಿಡಿಸರಳು ನಿಲ್ಲುವುದಿಲ್ಲ, ಎಣ್ಣೆ ಹಚ್ಚಿದ ಮೈಗೆ ಆಸನ ನಿಲ್ಲುವುದಿಲ್ಲ, ಸೀಗೆಪುಡಿ, ಕಡಲೆಹಿಟ್ಟುಗಳು ನೆಲವನ್ನು ಮತ್ತಷ್ಟು ನುಣುಪಾಗಿಸುತ್ತವೆ. ಹಿರಿಯರಿಗೆ ಎಣ್ಣೆಯನ್ನು ಕೋಣೆಯಲ್ಲಿಯೇ ಹಚ್ಚಿ, ಅಂಗೈ ಮತ್ತು ಅಂಗಾಲುಗಳನ್ನು ಒರೆಸಿದ ನಂತರ ಬಚ್ಚಲಿಗೆ ಕರೆದೊಯ್ಯಬೇಕು. ಆಸನದ ಮೇಲೆ ಒರಟು ಟವೆಲ್ಲೊಂದನ್ನು ಕಟ್ಟಿಡಬೇಕು.

ಬಚ್ಚಲಿನ ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ, ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾಗುತ್ತದೆ. ಅದನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಲು ಬಡಗಿಗೆ ಅರ್ಧ ದಿನದ ಕೆಲಸ. ಅದಾಗದಿದ್ದರೆ ಒಳಗಿನ ಅಗುಳಿಯನ್ನು ತೆಗೆದು, ಹೊರಗಿನಿಂದಲೂ ಬಿಡಿಸಬಹುದಾದ ಚಿಲಕ ಹಾಕಿಸಬೇಕು.

ಬಿಸಿನೀರಿನ ವಿಷಯವನ್ನು ಸಾಧನದ ಆಯ್ಕೆಯಿಂದ ಬೇರ್ಪಡಿಸಲಾಗದು. 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡುತ್ತದೆ. ಆರೋಗ್ಯವಂತರು ಥಟ್ಟನೆ ಸರಿಯುತ್ತಾರೆ, ಆಸನಕ್ಕೆ ಅಂಟಿ ಕುಳಿತವರು ಸರಿಯಲಾರರು. ಮಧುಮೇಹದಿಂದ ಪಾದಗಳ ಸ್ಪರ್ಶ ಮಂದವಾದವರಿಗೆ, ಕುಷ್ಠರೋಗದಿಂದ ಗುಣವಾದವರಿಗೆ, ಬೆನ್ನುಹುರಿಯ ಪೆಟ್ಟಾದವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ. ಬಕೆಟ್ಟಿಗೆ ಮೊದಲು ತಣ್ಣೀರು, ಅನಂತರ ಬಿಸಿನೀರು ಹಾಕಬೇಕು. ಸ್ಪರ್ಶಜ್ಞಾನ ಸರಿಯಿರುವವರು ಮೊಣಕೈಯಿಂದ ಹದ ನೋಡಬೇಕು. ಬಕೆಟ್ಟಿನಲ್ಲಿ ಮುಳುಗಿಸುವ ವಿದ್ಯುತ್ ಕಾಯಿಲನ್ನು ಇಂಥವರ ಬಚ್ಚಲಿನಲ್ಲಿ ಬಳಸಲೇಬಾರದು.

ಕೊಳ್ಳುವ ಮುನ್ನ, ಕೊಂಡ ಮೇಲೆ

ಉದ್ದ ಹಿಡಿಯ ಬ್ರಷ್, ಕೈಗವಸಿನಂತೆ ಹೊಲಿದ ಟವೆಲ್, ದಾರ ಪೋಣಿಸಿ ಕೊರಳಿಗೆ ತೂಗುಬಿಟ್ಟ ಸೋಪು - ಇಂಥವು ಮನೆಯಲ್ಲಿಯೇ ತಯಾರಾಗುತ್ತವೆ, ಮತ್ತು ಒಂದೇ ಕೈ ಬಳಸಬಲ್ಲವರಿಗೆ ಬಹಳ ನೆರವಾಗುತ್ತವೆ. ಹಾಸಿಗೆಯಿಂದ ಏಳಲಾಗದವರಿಗೆ ಹಾಸಿಗೆಯಲ್ಲಿಯೇ ಮೈ ಒರೆಸುವುದು ಸಾಕು; ಅವರನ್ನು ಇಬ್ಬರು ಎತ್ತಿ ಬಚ್ಚಲಿಗೆ ಒಯ್ಯುವ ಸಾಹಸದಿಂದ ರೋಗಿಯ ಕೀಲೂ ಎತ್ತುವವರ ಬೆನ್ನೂ ಕೆಡುತ್ತವೆ.

ಹೊಸ ಸಾಧನವನ್ನು ತಂದ ದಿನವೇ ನೀರು ಹಾಕಬಾರದು. ಒಣ ನೆಲದ ಮೇಲೆ, ಬಟ್ಟೆ ಧರಿಸಿಯೇ, ಬರಿಗಾಲಿನಲ್ಲಿ ಎರಡು ಮೂರು ದಿನ ಇಡೀ ಕ್ರಮವನ್ನು ಅಭ್ಯಾಸ ಮಾಡಿಸಬೇಕು: ಆಸನದ ಮುಂದೆ ಬೆನ್ನು ತಿರುಗಿಸಿ ನಿಲ್ಲುವುದು, ಮಂಡಿಯ ಹಿಂಭಾಗಕ್ಕೆ ಆಸನ ತಾಗಿದ ಮೇಲೆ ಕೈಯಾಸರೆ ಹಿಡಿದು ಕೂರುವುದು, ಮಗ್ ಮತ್ತು ಸೋಪು ಕೈಗೆಟುಕುವುದೇ ಎಂದು ನೋಡುವುದು, ಏಳುವ ಮುನ್ನ ಒಂದು ನಿಮಿಷ ಸುಮ್ಮನೆ ಕೂರುವುದು. ಬಿಸಿನೀರಿನ ಸ್ನಾನದ ನಂತರ ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಡುವುದುಂಟು. ಆದ್ದರಿಂದ ಮೈಯನ್ನು ಕುಳಿತೇ ಒರೆಸಿಕೊಂಡು, ಸಾಧ್ಯವಾದಷ್ಟು ಬಟ್ಟೆಯನ್ನೂ ಕುಳಿತೇ ಧರಿಸುವುದು ಲೇಸು. ಪಾರ್ಶ್ವವಾಯುವಿನಲ್ಲಿ ಬಲಹೀನವಾದ ಕೈಗೆ ಮೊದಲು ಬಟ್ಟೆ ತೊಡಿಸಬೇಕು, ಕಳಚುವಾಗ ಕೊನೆಗೆ ತೆಗೆಯಬೇಕು.

ಆಯ್ಕೆಯಲ್ಲಿ ತಜ್ಞರ ಸಲಹೆ ಬೇಕಾದವರು ದೊಡ್ಡ ಸರ್ಕಾರಿ ಆಸ್ಪತ್ರೆಗಳ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ವಿಭಾಗವನ್ನು ಸಂಪರ್ಕಿಸಬಹುದು. ಮುಂಬಯಿಯ ಹಾಜಿ ಅಲಿ ಬಳಿಯ ಅಖಿಲ ಭಾರತ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ, ದೆಹಲಿಯ ಪಂಡಿತ ದೀನದಯಾಳ ಉಪಾಧ್ಯಾಯ ರಾಷ್ಟ್ರೀಯ ಸಂಸ್ಥೆ, ಚೆನ್ನೈ ಸಮೀಪದ ಮುಟ್ಟುಕಾಡಿನಲ್ಲಿರುವ ಬಹುವಿಕಲತೆಯುಳ್ಳವರ ರಾಷ್ಟ್ರೀಯ ಸಂಸ್ಥೆ ಇವು ಈ ಕ್ಷೇತ್ರದ ಕೇಂದ್ರ ಸಂಸ್ಥೆಗಳು. ದೈನಂದಿನ ಚಟುವಟಿಕೆಗಳ ತರಬೇತಿ ನೀಡುವ ಆಕ್ಯುಪೇಷನಲ್ ಥೆರಪಿಸ್ಟರನ್ನು ಕೇಳುವಾಗ ಬಚ್ಚಲಿನ ಒಂದೆರಡು ಛಾಯಾಚಿತ್ರಗಳನ್ನೂ ಅಳತೆಗಳನ್ನೂ ಜೊತೆಗೆ ಒಯ್ದರೆ ಸಲಹೆ ಹೆಚ್ಚು ನಿಖರವಾಗುತ್ತದೆ.

ಆರ್ಥಿಕವಾಗಿ ಹಿಂದುಳಿದ ಕುಟುಂಬಗಳಿಗೆ ಎರಡು ಯೋಜನೆಗಳು ನೆರವಾಗುತ್ತವೆ. ಸಹಾಯಕ ಸಾಧನಗಳನ್ನು ಒದಗಿಸುವ ‘ಅಡಿಪ್’ ಯೋಜನೆಯು ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆಯ ಪ್ರಮಾಣಪತ್ರ ಉಳ್ಳವರಿಗೆ, ಆದಾಯದ ಮಿತಿಗೆ ಒಳಪಟ್ಟು ಅನ್ವಯಿಸುತ್ತದೆ. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯು 60 ವರ್ಷ ದಾಟಿದ, ಬಡತನದ ರೇಖೆಗಿಂತ ಕೆಳಗಿರುವ ಅಥವಾ ಕಡಿಮೆ ಆದಾಯದ ಹಿರಿಯರಿಗಾಗಿ ಇದೆ. ಇದರ ಪಟ್ಟಿಗೆ ಅನಂತರ ಕಮೋಡ್ ಇರುವ ಗಾಲಿಕುರ್ಚಿ ಮತ್ತು ಕಮೋಡ್ ಇರುವ ಕುರ್ಚಿ ಅಥವಾ ಸ್ಟೂಲುಗಳೂ ಸೇರಿದವು. ಕಾನ್ಪುರದಲ್ಲಿ 1972ರಲ್ಲಿ ಸ್ಥಾಪಿತವಾದ ಕೃತಕ ಅಂಗಾಂಗ ಉತ್ಪಾದನಾ ನಿಗಮವು ಶಿಬಿರಗಳ ಮೂಲಕ ಸಾಧನಗಳನ್ನು ವಿತರಿಸುತ್ತದೆ. ಶಿಬಿರದ ಮಾಹಿತಿಯನ್ನು ಜಿಲ್ಲಾ ಸಮಾಜ ಕಲ್ಯಾಣ ಕಚೇರಿಯಿಂದಲೂ, ಹಿರಿಯ ನಾಗರಿಕರ ಸಹಾಯವಾಣಿ 14567ರಿಂದಲೂ ವಿಚಾರಿಸಬಹುದು. ಶಿಬಿರದಲ್ಲಿ ದೊರೆತ ಕುರ್ಚಿಯ ಎತ್ತರವನ್ನು ಅಲ್ಲಿಯೇ, ಕುಳಿತು ನೋಡಿ, ಸರಿಹೊಂದಿಸಿಕೊಂಡು ಬರುವುದು ಲೇಸು.

ಸಾಧನವನ್ನು ತಿಂಗಳಿಗೊಮ್ಮೆ ಮಗುಚಿ ಪರೀಕ್ಷಿಸಬೇಕು. ಸಡಿಲವಾದ ತಿರುಪು, ಆಸನದ ಕೂದಲೆಳೆಯ ಬಿರುಕು, ಒಂದು ಕಾಲಿನ ಎತ್ತರ ಮಾತ್ರ ಬದಲಾಗಿರುವುದು ಕಣ್ಣಿಗೆ ಬೀಳುವುದು ಆಗಲೇ. ರಬ್ಬರ್ ಬುಷ್ ಸವೆದು ಒಳಗಿನ ಲೋಹ ಇಣುಕತೊಡಗಿದರೆ ಅದೇ ದಿನ ಬದಲಾಯಿಸಬೇಕು. ಊರುಗೋಲು, ವಾಕರ್ ಮಾರುವ ಅಂಗಡಿಗಳಲ್ಲಿ ಇವು ಬಿಡಿಯಾಗಿ ದೊರೆಯುತ್ತವೆ; ಕೊಳ್ಳಲು ಹೋಗುವಾಗ ಹಳೆಯ ಬುಷ್ಷನ್ನು ಅಳತೆಗೆಂದು ಜೊತೆಗೆ ಒಯ್ಯಬೇಕು, ಮತ್ತು ನಾಲ್ಕನ್ನೂ ಒಟ್ಟಿಗೆ ಬದಲಾಯಿಸಬೇಕು.